ಅದು ನೀರಾಗಿರಲಿಲ್ಲ

ಪುಣೆಯ ಏಪ್ರಿಲ್ ತಿಂಗಳ ಒಣಗಾಳಿ ಪ್ರೋಟೀನ್ ಸ್ಫಟಿಕಕ್ಕೆ ಶತ್ರು. ಪಾಷಾಣ್‌ನ ನಮ್ಮ ಪ್ರಯೋಗಾಲಯದಲ್ಲಿ ಒಂದು ಕಿಣ್ವದ (ಜೀವಕ್ರಿಯೆಗಳಿಗೆ ವೇಗ ಕೊಡುವ ಪ್ರೋಟೀನ್) ರಚನೆ ತಿಳಿಯಲು ಮೂರು ತಿಂಗಳು ಕಾದು ಬೆಳೆಸಿದ ಹರಳನ್ನು ನೈಲಾನ್ ಕುಣಿಕೆಯಿಂದ ಎತ್ತಿ, ಸೂಕ್ಷ್ಮದರ್ಶಕದ ಕೆಳಗೆ ಅರೆನಿಮಿಷ ಹೆಚ್ಚು ಹಿಡಿದುಬಿಟ್ಟೆ. ಕಣ್ಣೆದುರೇ ಬಿರುಕು ಬಿಟ್ಟಿತು. ಅಡುಗೆ ಉಪ್ಪಿನ ಹರಳಾಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಪ್ರೋಟೀನ್ ಸ್ಫಟಿಕದಲ್ಲಿ ಸುಮಾರು ಅರ್ಧದಷ್ಟು ದ್ರಾವಣವೇ ಇರುತ್ತದೆ. ನೀರು ಆರಿದರೆ ಅಣುಗಳ ಜೋಡಣೆ ಕೆಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ತಂಡ ಈ ಗುಣವನ್ನೇ ಅಧ್ಯಯನದ ದಾರಿ ಮಾಡಿಕೊಂಡಿತ್ತು. ಮೊಟ್ಟೆಯ ಬಿಳಿಯಲ್ಲಿರುವ ಲೈಸೋಜೈಮ್ ಎಂಬ ಪ್ರೋಟೀನಿನ ಸ್ಫಟಿಕದ ಸುತ್ತಲಿನ ತೇವಾಂಶವನ್ನು ಬೇಕೆಂದೇ ಇಳಿಸಿ, ನೀರು ಕಡಿಮೆಯಾದಾಗ ಪ್ರೋಟೀನಿನಲ್ಲಿ ಏನೇನು ಬದಲಾಗುತ್ತದೆಂದು ಅವರು ನೋಡಿದ್ದರು.

ಎರಡನೆಯ ಹರಳು ಉಳಿಯಿತು. ಅದರ ಮೇಲೆ ಕ್ಷ-ಕಿರಣ ಹಾಯಿಸಿದಾಗ 1.9 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) ಸ್ಪಷ್ಟತೆಯ ದತ್ತಾಂಶ ಸಿಕ್ಕಿತು.

ಆ ದತ್ತಾಂಶದಿಂದ, ಎಲೆಕ್ಟ್ರಾನುಗಳು ಎಲ್ಲೆಲ್ಲಿ ದಟ್ಟವಾಗಿವೆ ಎಂದು ತೋರಿಸುವ ನಕ್ಷೆ ಸಿಗುತ್ತದೆ. ಈ ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆಯಲ್ಲಿ ಮೊದಲು ಪ್ರೋಟೀನಿನ ಸರಪಳಿಯನ್ನು ಕೂರಿಸುತ್ತೇವೆ. ಆಮೇಲೆ ಉಳಿಯುವ ದುಂಡನೆಯ ಚುಕ್ಕೆಗಳಲ್ಲಿ ಹೆಚ್ಚಿನವು ನೀರು. ಒಂದು ಗುಂಡಿ ಒತ್ತಿದೊಡನೆ ತಂತ್ರಾಂಶ ನಾಲ್ಕುನೂರಕ್ಕೂ ಹೆಚ್ಚು ನೀರಿನ ಅಣುಗಳನ್ನು ತುಂಬಿತು. ನಾನು ಅದನ್ನು ನಂಬಿದೆ. ಅದೇ ನನ್ನ ತಪ್ಪು.

ಬೆಳಗಾವಿಯಿಂದ ಬಂದ ಕಿರಿಯ ಸಂಶೋಧಕಿ ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳು. "ಅಕ್ಕ, ಈ ನೀರು ಪಕ್ಕದ ಆಕ್ಸಿಜನ್‌ಗೆ ಇಷ್ಟು ಹತ್ತಿರ ಯಾಕಿದೆ?" ಎಂದಳು. ಅಳೆದೆವು: 2.1 ಆಂಗ್‌ಸ್ಟ್ರಾಂ. ನೀರು ನೆರೆಯ ಅಣುವನ್ನು ಹಿಡಿದುಕೊಳ್ಳುವ ಹೈಡ್ರೋಜನ್ ಬಂಧದಲ್ಲಿ ಎರಡು ಆಕ್ಸಿಜನ್‌ಗಳ ನಡುವೆ ಸಾಮಾನ್ಯವಾಗಿ 2.6ರಿಂದ 3.2 ಆಂಗ್‌ಸ್ಟ್ರಾಂ ಅಂತರವಿರಬೇಕು. ಸುತ್ತ ಎಣಿಸಿದರೆ ಆರು ಆಕ್ಸಿಜನ್‌ಗಳು: ಮೇಲೊಂದು, ಕೆಳಗೊಂದು, ನಾಲ್ಕು ದಿಕ್ಕಿಗೆ ನಾಲ್ಕು. ನೀರು ಹೀಗೆ ಕೂರುವುದಿಲ್ಲ. ಅದು ಮೆಗ್ನೀಸಿಯಮ್ ಅಯಾನು! ನಮ್ಮ ಕಿಣ್ವ ಎಟಿಪಿ (ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣು) ಬಳಸುವಂಥದ್ದು, ಅಂಥವಕ್ಕೆ ಸಾಮಾನ್ಯವಾಗಿ ಮೆಗ್ನೀಸಿಯಮ್ ಬೇಕು, ದ್ರಾವಣಕ್ಕೆ ಮೆಗ್ನೀಸಿಯಮ್ ಕ್ಲೋರೈಡ್ ಹಾಕಿದವಳೂ ನಾನೇ. ಕ್ಷ-ಕಿರಣಗಳು ಚದುರುವುದು ಎಲೆಕ್ಟ್ರಾನುಗಳಿಂದ. ನೀರಿನ ಅಣುವಿನಲ್ಲೂ ಹತ್ತು, ಮೆಗ್ನೀಸಿಯಮ್ ಅಯಾನಿನಲ್ಲೂ ಹತ್ತು. ಚುಕ್ಕೆ ಎಷ್ಟು ಗಾಢವಾಗಿದೆ ಎಂಬುದೊಂದರಿಂದಲೇ ಇವನ್ನು ಬೇರ್ಪಡಿಸುವುದು ಕಷ್ಟ, ನೆರೆಹೊರೆಯನ್ನೇ ವಿಚಾರಿಸಬೇಕು.

ಆ ದಿನದಿಂದ ಒಂದೊಂದು ಚುಕ್ಕೆಯನ್ನೂ ಕೈಯಾರೆ ಪರೀಕ್ಷಿಸಿದೆ. ಹೈಡ್ರೋಜನ್ ಬಂಧಕ್ಕೆ ಒಬ್ಬ ಜೊತೆಗಾರನಾದರೂ ಇಲ್ಲದ ನೀರನ್ನು ತೆಗೆದೆ. ಮಾದರಿಯನ್ನು ದತ್ತಾಂಶಕ್ಕೆ ಹೊಂದಿಸಿ ಪರಿಷ್ಕರಿಸಿದಾಗ ಸಾಂದ್ರತೆ ಕರಗಿಹೋದವನ್ನೂ ತೆಗೆದೆ. ಹನ್ನೆರಡು ದಿನ ಹಿಡಿಯಿತು. ಉಳಿದವುಗಳಲ್ಲಿ ಕೆಲವನ್ನು ನೋಡಿದಾಗ ಮನಸ್ಸು ತುಂಬಿತು. ಕಿಣ್ವದ ಕುಳಿಯ ಆಳದಲ್ಲಿ ಒಂದು ನೀರು ಮೂರು ಹೈಡ್ರೋಜನ್ ಬಂಧಗಳಿಂದ ಪ್ರೋಟೀನ್ ಸರಪಳಿಯ ಎರಡು ಕವಲುಗಳನ್ನು ಹಿಡಿದುಕೊಂಡಿತ್ತು. ಹೊರಮೈಯಲ್ಲಿ ಬಂದುಹೋಗುವ ನೀರಲ್ಲ ಅದು, ಮನೆಯ ತೊಲೆಯಂಥದ್ದು.

ಔಷಧ ಅಣುಗಳನ್ನು ಗಣಕದಲ್ಲಿ ಕಿಣ್ವದ ಕುಳಿಗೆ ಕೂರಿಸಿ ನೋಡುವ ಸಹೋದ್ಯೋಗಿ ರೂಢಿಯಂತೆ ಎಲ್ಲ ನೀರನ್ನೂ ಅಳಿಸಿಯೇ ಕೆಲಸ ಶುರುಮಾಡುತ್ತಾರೆ. ಎಚ್ಐವಿ ವೈರಾಣುವಿನ ಕಿಣ್ವವಾದ ಪ್ರೋಟಿಯೇಸ್‌ನ ಉದಾಹರಣೆಯನ್ನು ಅವರ ಮುಂದಿಟ್ಟೆ. ಅಲ್ಲಿ ಕಿಣ್ವದ ಕುಳಿಯನ್ನು ಮುಚ್ಚುವ ರೆಪ್ಪೆಯಂಥ ಎರಡು ಭಾಗಗಳನ್ನೂ ಔಷಧವನ್ನೂ ಒಂದೇ ಒಂದು ನೀರಿನ ಅಣು ಬೆಸೆಯುತ್ತದೆ. ಅದರ ಜಾಗವನ್ನೇ ಆಕ್ರಮಿಸುವಂತೆ ರೂಪಿಸಿದ ಉಂಗುರಾಕಾರದ ಯೂರಿಯಾ ಅಣುಗಳು 1994ರಲ್ಲಿ ಪ್ರಕಟವಾದವು. ಉಳಿಸಿಕೊಳ್ಳಲಿ, ತಳ್ಳಲಿ, ಅದು ಅಲ್ಲಿದೆಯೆಂದು ತಿಳಿದಿರಬೇಕಲ್ಲ? ಅವರು ಒಪ್ಪಿದರು. ನಮ್ಮ ಕುಳಿಯ ಆ ಒಂದು ನೀರನ್ನು ಇಟ್ಟುಕೊಂಡು, ಲೆಕ್ಕವನ್ನು ಮೊದಲಿನಿಂದ ಹಾಕುತ್ತಿದ್ದಾರೆ.