ಮಳೆಗಾಲದಲ್ಲಿ ಕೋಳಿ ಮರಿಗಳ ರಕ್ತಭೇದಿ: ಔಷಧಿ ಕೊಟ್ಟರೂ ನಿಲ್ಲದಿದ್ದಾಗ (ನನ್ನ ಅನುಭವ)

ಗೋವಾದ ಫೋಂಡಾ ಹತ್ತಿರ, ಜುಲೈ ತಿಂಗಳು, ನಾಲ್ಕು ವಾರದ 40 ನಾಟಿ ಮರಿಗಳು. ಹಿಕ್ಕೆಯಲ್ಲಿ ರಕ್ತ, ಜೋತುಬಿದ್ದ ರೆಕ್ಕೆ, ಬಿಳಿಚಿದ ಜುಟ್ಟು. ಇದು ಕಾಕ್ಸಿಡಿಯೋಸಿಸ್, ಕರುಳಿಗೆ ತಗಲುವ ಪರಜೀವಿ ರೋಗ.

ಅರಿಶಿನ-ಬೆಳ್ಳುಳ್ಳಿ ನೀರಿನಿಂದ ಏನೂ ಆಗಲಿಲ್ಲ. ಫಿನಾಯಿಲ್, ಬ್ಲೀಚಿಂಗ್ ಪುಡಿ ಎರಡೂ ದಂಡ; ಈ ರೋಗಾಣುವಿನ ಗಟ್ಟಿ ಕವಚ ಅವಕ್ಕೆ ಜಗ್ಗುವುದಿಲ್ಲ. ನೆಲಕ್ಕೆ ಹಾಸಿದ ಒದ್ದೆ ಹೊಟ್ಟಿನ ಮೇಲೆ ಒಣ ಹೊಟ್ಟು ಸುರಿದರೆ ಅಡಿಯಲ್ಲಿ ಹಾಗೇ ಕೊಳೆಯುತ್ತದೆ.

ಈ ರೋಗದ ಔಷಧಿಯಾದ ಆಂಪ್ರೋಲಿಯಂ ಕೊಟ್ಟರೂ ರಕ್ತ ನಿಲ್ಲಲಿಲ್ಲ. ತಪ್ಪು ಇದ್ದದ್ದು ಜೊತೆಗೆ ಹಾಕಿದ ಬಿ-ಕಾಂಪ್ಲೆಕ್ಸ್ ಟಾನಿಕ್‌ನಲ್ಲಿ. ಆಂಪ್ರೋಲಿಯಂ ಕೊಲ್ಲುವುದೇ ರೋಗಾಣುವಿಗೆ ಬಿ1 ವಿಟಮಿನ್ ಸಿಗದಂತೆ ಮಾಡಿ. ಅದೇ ನೀರಿಗೆ ಬಿ1 ಸುರಿದರೆ ಔಷಧಿ ಕೊಟ್ಟೂ ಕೊಡದಂತೆ.

ಕೊನೆಗೆ ಫಲ ಕೊಟ್ಟ ಕ್ರಮ ಹೀಗೆ. ಟಾನಿಕ್ ಪೂರ್ತಿ ನಿಲ್ಲಿಸಿ. 20% ಆಂಪ್ರೋಲಿಯಂ ಪುಡಿ ಲೀಟರ್ ನೀರಿಗೆ 1.2 ಗ್ರಾಂ, 5 ದಿನ, ಆಮೇಲೆ 0.3 ಗ್ರಾಂ, ಇನ್ನೊಂದು ವಾರ. ಚಮಚದ ಅಂದಾಜು ಬೇಡ, ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲೇ ತೂಗಿ. ದಿನಾ ಹೊಸದಾಗಿ ಕಲಸಿ, ಬೇರೆ ನೀರು ಇಡಬೇಡಿ. ಮೇವಿನಲ್ಲಿ ಬೆರೆಸಬೇಡಿ: ಕಾಯಿಲೆಯ ಮರಿ ತಿನ್ನುವುದು ಬಿಡುತ್ತದೆ, ಕುಡಿಯುವುದು ಬಿಡುವುದಿಲ್ಲ. ಔಷಧಿಯ ಕೋರ್ಸ್ ಮುಗಿದ ಮೇಲಷ್ಟೇ ಟಾನಿಕ್ ಕೊಡಿ.

ಮೊದಲ ದಿನವೇ ಹಳೆ ಹೊಟ್ಟು ಪೂರ್ತಿ ಬಾಚಿ, ನೆಲ ಒಣಗಿಸಿ, 3 ಇಂಚು ಹೊಸ ಭತ್ತದ ಹೊಟ್ಟು ಹರಡಿ. ಬೆಚ್ಚಗಿನ ತೇವದಲ್ಲಿ ಹಿಕ್ಕೆಯ ರೋಗಾಣು ಒಂದೆರಡು ದಿನದಲ್ಲೇ ಸೋಂಕು ತರುವಷ್ಟು ಬಲಿಯುತ್ತದೆ. ಹೊಟ್ಟನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ. ಉಂಡೆಯಾಗಿ ನಿಂತರೆ ಬದಲಿಸಿ. ನೀರಿನ ಪಾತ್ರೆ ತಂತಿ ಬಲೆಯ ಚೌಕಟ್ಟಿನ ಮೇಲೆ, ಮರಿಯ ಬೆನ್ನಿನ ಎತ್ತರಕ್ಕೆ ಇರಲಿ. ಗೂಡಿನ ಪಶ್ಚಿಮ ಬದಿಗೆ ಮಳೆಗೆಂದು ಕಟ್ಟಿದ ತಾಡಪತ್ರಿಯನ್ನು ಮಾಡಿನವರೆಗೂ ಮುಚ್ಚಬೇಡಿ, ಮೇಲೆ ಒಂದಡಿ ಬಿಡಿ. ಇಲ್ಲದಿದ್ದರೆ ಒಳಗಿನ ಹಬೆಗೇ ಹೊಟ್ಟು ಮತ್ತೆ ಒದ್ದೆ.