ಹಳೇ ಜಿಪ್ಸಿ ತಗೊಂಡ್ರಾ? ಮೊದಲು ಸುತ್ತಿಗೆ ಹಿಡೀರಿ

ಚಿತ್ರದುರ್ಗದಲ್ಲಿ ಹಳೇ ಮಾರುತಿ ಜಿಪ್ಸಿ ಜೀಪ್ ಕೊಂಡಾಗ ನಾನು ಮೊದಲು ಹುಡುಕಿದ್ದು ಕಬ್ಬಿಣದ ಬಂಪರ್. ಕೂರಿಸಲು ಹೋದರೆ ಬೋಲ್ಟ್ ಜೊತೆ ಚಾಸಿಯ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ತುಕ್ಕು ಹಿಡಿದ ತುಂಡೇ ಕೈಗೆ ಬಂತು!

ಹಾಗಾಗಿ ಮೊದಲು ಗಾಡಿ ಕೆಳಗೆ ಮಲಗಿ. ಚಾಸಿ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಟಣ್ ಅಂದರೆ ಗಟ್ಟಿ, ಡಬ್ ಅಂದರೆ ಒಳಗೆ ತುಕ್ಕು. ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಕನೆಕ್ಷನ್ ತೆಗೆಸಿ. ಆಮೇಲೆ ಬ್ರೇಕ್, ಲೀಫ್ ಸ್ಪ್ರಿಂಗಿನ (ಪಟ್ಟಿ ಸ್ಪ್ರಿಂಗ್) ತುದಿಯ ರಬ್ಬರ್ ಬುಷ್ ನೋಡಿ. ಬುಷ್ ಸವೆದಿದ್ದರೆ ಜೋಗಿಮಟ್ಟಿ ಏರಿನಲ್ಲಿ ಕಟಕಟ ಸದ್ದು ಬರುತ್ತೆ, ಸ್ಟೇರಿಂಗ್ ಅಲ್ಲಾಡುತ್ತೆ.

ಟೈರಿಗೆ ಈಗ ಬನ್ನಿ. ಜಿಪ್ಸಿಯ ಕಿಂಗ್ ಮಾದರಿಗೆ ಕಂಪನಿಯದು 205/70 ಆರ್15, ಅಂದರೆ 205 ಮಿ.ಮೀ. ಅಗಲ, ಅದರ ಶೇ. 70ರಷ್ಟು ಟೈರ್ ಗೋಡೆಯ ಎತ್ತರ, 15 ಇಂಚಿನ ರಿಮ್. 215/75 ಹಾಕಿದರೆ ಗಾಡಿ ಸುಮಾರು 18 ಮಿ.ಮೀ. ಮೇಲೇಳುತ್ತೆ, ಆದರೆ ಸ್ಪೀಡೋಮೀಟರ್ 60 ತೋರಿಸುವಾಗ ನೀವು 63ರ ಹತ್ತಿರ ಇರ್ತೀರಿ. ಇನ್ನೂ ದೊಡ್ಡದು ಬೇಡ, 1.3 ಲೀಟರ್‌ನ ನಾಲ್ಕು ಸಿಲಿಂಡರ್ ಎಂಜಿನ್ ಪಾಪ ಏದುಸಿರು ಬಿಡುತ್ತೆ, ಸ್ಟೇರಿಂಗ್ ತಿರುಗಿಸಿದಾಗ ಟೈರ್ ಉಜ್ಜಲೂಬಹುದು. ನಮ್ಮ ಧೂಳಿಗೆ ಏರ್ ಫಿಲ್ಟರ್ ಅಂತೂ ಆಗಾಗ ಬಿಚ್ಚಿ ನೋಡಿ.

ಎಂಜಿನ್ ಬದಲಿಸುವ ಆಸೆ ಇದ್ದರೆ ಮೊದಲು ಆರ್‌ಟಿಓ ಅನುಮತಿ ಕೇಳಿ. ಸುಮ್ನೆ ಹಾಕಿಸಿಕೊಂಡರೆ ಆರ್‌ಸಿ, ಇನ್ಶೂರೆನ್ಸ್ ಎರಡೂ ತಕರಾರು.