ಅಡುಗೆ ಪುಸ್ತಕ ಕೊಳ್ಳೋ ಮುಂಚೆ ಬದನೆಕಾಯಿ ಪುಟ ತೆಗೆದು ನೋಡಿ

ಹೋದ ವಾರ ನಮ್ಮ ಸೊಸೆ ಕೇಳಿದ್ಲು, ಅತ್ತೆ, ವೆಜ್ ಅಡುಗೆ ಪುಸ್ತಕ ಅಂತ ಯಾವ್ದು ತಗೊಂಡ್ರೂ ಅದೇ ಪನೀರು, ಅದೇ ಪುಲಾವು, ಅದೇ ಕ್ರೀಮ್ ಹಾಕಿದ ಗ್ರೇವಿ, ನಾಲಿಗೆಗೆ ಎಚ್ಚರ ಆಗೋ ಥರದ್ದು ಒಂದೂ ಸಿಗಲ್ವಲ್ಲ, ನೀವು ಹೇಗೆ ಹುಡುಕ್ತೀರಿ ಅಂತ. ಮದುವೆಯಾಗಿ ಸಾಗರದಿಂದ ಬೆಂಗಳೂರಿಗೆ ಬಂದಾಗಿಂದ ನಾನು ಅಡುಗೆ ಪುಸ್ತಕ ಸೇರಿಸ್ತಾ ಬಂದವಳು, ಒಂದು ಟ್ರಂಕ್ ತುಂಬಾ ಇದೆ, ಅದ್ರಲ್ಲಿ ಅರ್ಧಕ್ಕರ್ಧ ನಾನು ಸುಮ್ನೆ ದುಡ್ಡು ಕೊಟ್ಟು ತಂದಿದ್ದು. ಉಳಿದ ಅರ್ಧ ಮಾತ್ರ ಇವತ್ತಿಗೂ ತೆಗೆದು ನೋಡ್ತೀನಿ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ, ನಿಮಗೂ ಉಪಯೋಗ ಆಗ್ಲಿ.

ಮೊದ್ಲು ಒಂದು ವಿಷಯ ಮನಸ್ಸಲ್ಲಿ ಇಟ್ಕೊಳ್ಳಿ, ಜೋರು ರುಚಿ ಅಂದ್ರೆ ಖಾರ ಅಲ್ಲ. ಕವರ್ ಮೇಲೆ ಕೆಂಪು ಮೆಣಸಿನಕಾಯಿ ಚಿತ್ರ ಹಾಕಿ ಸ್ಪೈಸಿ ಅಂತ ಬರೆದಿರೋ ಪುಸ್ತಕ ಎಷ್ಟೋ ಸಲ ಒಳಗೆ ಸಪ್ಪೆ ಇರುತ್ತೆ, ಎಲ್ಲಾದಕ್ಕೂ ಒಂದೇ ಅಚ್ಚಖಾರದ ಪುಡಿ ಸುರಿದಿರ್ತಾರೆ ಅಷ್ಟೇ. ತರಕಾರಿ ಅಡುಗೆಗೆ ಗಟ್ಟಿತನ ಕೊಡೋದು ಹುಳಿ, ಕಹಿ, ಒಗರು, ಸುಟ್ಟ ವಾಸನೆ, ಹುದುಗು ಬಂದ ಘಮ, ಇವೆಲ್ಲ. ನಮ್ಮ ಕಡೆ ಅಪ್ಪೆಹುಳಿ ನೋಡಿ, ಮಾವಿನಕಾಯಿ, ನೀರು, ಉಪ್ಪು, ಮೆಣಸು, ಇಂಗಿನ ಒಗ್ಗರಣೆ, ಇಷ್ಟೇ ತಾನೇ ಇರೋದು, ಆದ್ರೆ ಒಂದು ಲೋಟ ಕುಡಿದ್ರೆ ಕಣ್ಣು ಅರಳುತ್ತೆ. ಬಡಗಣ ಕಡೆಯವರ ಗುರೆಳ್ಳು ಚಟ್ನಿಪುಡಿ, ಕೆಂಪು ಹಣ್ಣುಮೆಣಸಿನಕಾಯಿ ಕುಟ್ಟಿ ಮಾಡೋ ರಂಜಕ, ಕರಾವಳಿಯ ಮೆಣಸ್ಕಾಯಿ ಅನ್ನೋ ಹುಳಿಸಿಹಿ ಗೊಜ್ಜು, ಮಲೆನಾಡಿನ ಕಳಲೆ ಪಲ್ಯ, ಅಂದ್ರೆ ಎಳೆ ಬಿದಿರಿನ ಪಲ್ಯ, ಇವೆಲ್ಲ ಯಾವ ದೇಶದ ಅಡುಗೆ ಪಕ್ಕದಲ್ಲಿ ಇಟ್ರೂ ಕಮ್ಮಿ ಅಲ್ಲ. ಪುಸ್ತಕ ಬರೆದವ್ರಿಗೆ ಹುಳಿ ಮೇಲೆ ಕಹಿ ಮೇಲೆ ಹಿಡಿತ ಇದೆಯಾ ಅನ್ನೋದೇ ನೋಡಬೇಕಾದದ್ದು.

ಅದನ್ನ ಅಂಗಡಿಯಲ್ಲಿ ನಿಂತ್ಕೊಂಡು ಐದು ನಿಮಿಷದಲ್ಲಿ ಪರೀಕ್ಷೆ ಮಾಡಬಹುದು. ನಾನು ಯಾವ ಪುಸ್ತಕ ಕೈಗೆ ತಗೊಂಡ್ರೂ ಹಿಂದಿನ ಸೂಚಿ ತೆಗೆದು ಬದನೆಕಾಯಿ ಎಲ್ಲಿದೆ ಅಂತ ನೋಡ್ತೀನಿ. ಬದನೆಕಾಯಿ ಯಾಕಂದ್ರೆ ಅದು ನಮಗೆಲ್ಲ ಚೆನ್ನಾಗಿ ಗೊತ್ತಿರೋ ತರಕಾರಿ, ಮತ್ತೆ ಅದಕ್ಕೆ ತನ್ನದೇ ಅಂತ ಜೋರು ರುಚಿ ಇಲ್ಲ, ಅಡುಗೆ ಮಾಡೋರು ಕೊಟ್ಟಿದ್ದನ್ನೆಲ್ಲ ಹೀರ್ಕೊಳ್ಳುತ್ತೆ. ಬರೆದವ್ರ ಕೈ ಹೇಗಿದೆ ಅಂತ ಅಲ್ಲೇ ಗೊತ್ತಾಗಿಬಿಡುತ್ತೆ. ಸುಟ್ಟಿದಾರಾ, ಎಣ್ಣೆಯಲ್ಲಿ ಬಾಡಿಸಿದಾರಾ, ಹುಳಿ ಯಾವಾಗ ಹಾಕ್ತಾರೆ, ಯಾವ ಎಣ್ಣೆ ಅಂತ ಹೇಳ್ತಾರಾ, ಇಷ್ಟು ನೋಡಿ. ಹುಳಿ ಹಾಕೋ ಹೊತ್ತು ಬರೆದವ್ರು ನಿಜವಾಗ್ಲೂ ಒಲೆ ಮುಂದೆ ನಿಂತಿರ್ತಾರೆ, ಯಾಕಂದ್ರೆ ಬೇಯೋ ಮುಂಚೆ ಹುಳಿ ಬಿದ್ರೆ ಬೇಳೆನೂ ಬೇಗ ಬೇಯಲ್ಲ ತರಕಾರಿನೂ ಬೇಗ ಮೆತ್ತಗಾಗಲ್ಲ ಅನ್ನೋದು ಮಾಡಿದವ್ರಿಗೇ ಗೊತ್ತು. ಹಾಗೇ ಮೆಂತ್ಯ. ಮೆಂತ್ಯ ಹುರೀರಿ ಅಂತ ಬರೆದು ಸುಮ್ನಾದ್ರೆ ಆ ಪುಸ್ತಕ ಬೇಡ, ಹೊಂಬಣ್ಣ ಬಂದ ಕೂಡ್ಲೇ ಇಳಿಸಿ, ಕಪ್ಪಾದ್ರೆ ಕಹಿ ಏರುತ್ತೆ ಅಂತ ಬರೆದಿದ್ರೆ ತಗೊಳ್ಳಿ. ಮೆಣಸಿನಕಾಯಿದೂ ಅಷ್ಟೇ, ಒಣಮೆಣಸಿನಕಾಯಿ 8 ಅಂತ ಬರೆದ್ರೆ ಯಾವ್ದು 8? ಬ್ಯಾಡಗಿ 8 ಹಾಕಿದ್ರೆ ಬಣ್ಣ ಬಂದು ಖಾರ ಹದವಾಗಿರುತ್ತೆ, ಗುಂಟೂರು 8 ಹಾಕಿದ್ರೆ ಮನೆಯವ್ರೆಲ್ಲ ನೀರಿಗೆ ಓಡ್ತಾರೆ.

ಬದನೆಕಾಯಿ ವಿಷಯ ನಮ್ಮ ಕನ್ನಡದಲ್ಲಿ ಇವತ್ತು ನಿನ್ನೆದಲ್ಲ. ಮೂರನೇ ಮಂಗರಸ ಅಂತ ಕಲ್ಲಹಳ್ಳಿಯ ಪ್ರಭು, ಜೈನ ಕವಿ, 16ನೇ ಶತಮಾನದ ಶುರುವಿನಲ್ಲಿ ಸೂಪಶಾಸ್ತ್ರ ಅಂತ ಪೂರ್ತಿ ಸಸ್ಯಾಹಾರಿ ಅಡುಗೆ ಪುಸ್ತಕವನ್ನ ಪದ್ಯದಲ್ಲಿ ಬರೆದಿಟ್ಟಿದಾನೆ, ಅದ್ರಲ್ಲಿ ಬದನೆಕಾಯಿಗೇ ಅಂತ ಒಂದು ಅಧ್ಯಾಯ ಇದೆ, ಹಲಸು ಬಾಳೆಕಾಯಿಗೆ ಇದೆ, ಕಳಲೆಗೂ ಇದೆ. ಅದಕ್ಕಿಂತ ಹಿಂದೆ, 11ನೇ ಶತಮಾನದಲ್ಲಿ, ಎರಡನೇ ಚಾವುಂಡರಾಯನ ಲೋಕೋಪಕಾರದಲ್ಲೂ ಅಡುಗೆಗೆ ಒಂದು ಭಾಗ ಇದೆ. ಸಾಹಸದ ರುಚಿ ಬೇಕು ಅಂತ ಹೊರದೇಶದ ಪುಸ್ತಕಾನೇ ಹುಡುಕೋ ಮಕ್ಕಳಿಗೆ ನಾನು ಇದನ್ನ ಪ್ರೀತಿಯಿಂದ ಹೇಳ್ತೀನಿ, ಮನೆ ಮುಂದಿನ ಬಾವಿ ನೀರು ಮೊದ್ಲು ಕುಡಿದು ನೋಡಿ.

ಅಂಥ ಬಾವಿ ನೀರು ಸಿಗೋದು ಹೊಳೆಯೋ ಕಾಗದದ ಪುಸ್ತಕದಲ್ಲಿ ಅಲ್ಲ. ಮಹಿಳಾ ಮಂಡಳಿಗಳು, ಊರಿನ ಸಂಘಗಳು ವಾರ್ಷಿಕೋತ್ಸವಕ್ಕೆ ಅಂತ ಅಚ್ಚು ಹಾಕಿಸಿದ ತೆಳ್ಳನೆ ಪುಸ್ತಕಗಳಿವೆಯಲ್ಲ, ಹವ್ಯಕರದ್ದು, ಸಾರಸ್ವತರದ್ದು, ಉತ್ತರ ಕರ್ನಾಟಕದ ಮನೆಗಳದ್ದು, ಅವನ್ನ ಕಂಡಲ್ಲಿ ಬಿಡಬೇಡಿ. ಹತ್ತಾರು ಮನೆಯ ಹೆಂಗಸರು ತಮ್ಮ ತಮ್ಮ ಅಡುಗೆ ಒಂದೊಂದು ಕೊಟ್ಟಿರ್ತಾರೆ, ಅದೂ ನೆಂಟರ ಮುಂದೆ ಹೆಸರು ಬರೋ ಅಂಥದ್ದನ್ನೇ ಆರಿಸಿ ಕೊಟ್ಟಿರ್ತಾರೆ. ಬೆಂಗಳೂರಲ್ಲಿದ್ರೆ ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಪಠ್ಯಪುಸ್ತಕದ ರಾಶಿ ಅಡಿಯಲ್ಲಿ ಸಿಗುತ್ತೆ, ಚರ್ಚ್ ಸ್ಟ್ರೀಟಲ್ಲಿ ಇಂಗ್ಲಿಷ್ ಸೆಕೆಂಡ್ ಹ್ಯಾಂಡ್ ಪುಸ್ತಕ ಚೆನ್ನಾಗಿ ಸಿಗುತ್ತೆ.

ಅವೆನ್ಯೂ ರೋಡಲ್ಲಿ ನನಗೆ ಒಂದು ಸಿಕ್ಕಿತ್ತು, ಪಿನ್ ತುಕ್ಕು ಹಿಡಿದು ನಡುವಿನ ಹಾಳೆ ಕಳಚಿತ್ತು, 20 ರೂಪಾಯಿ ಕೊಟ್ಟಿದ್ದು. ಹಾಗಲಕಾಯಿ ಮೆಣಸ್ಕಾಯಿ ಪುಟದ ಮೇಲೆ ಅರಿಶಿನದ ಬೆರಳಚ್ಚು, ಪಕ್ಕದಲ್ಲಿ ಪೆನ್ಸಿಲಲ್ಲಿ ಯಾರೋ ಪುಣ್ಯಾತ್ಗಿತ್ತಿ ಬರೆದಿದ್ರು, ಎಳ್ಳು ಇನ್ನೂ 1 ಚಮಚ, ಬೆಲ್ಲ ಕೊನೆಗೆ. ನಾನು ಹಾಗೇ ಮಾಡಿದೆ. ಉದ್ದಿನಬೇಳೆ, ಕೊತ್ತಂಬರಿ, ಕಾಲು ಚಮಚ ಮೆಂತ್ಯ, ಆರು ಬ್ಯಾಡಗಿ ಎಣ್ಣೆ ಬಿಟ್ಟು ಹುರಿದು, ಎಳ್ಳನ್ನ ಮಾತ್ರ ಬೇರೆ ಒಣ ಬಾಣಲೆಯಲ್ಲಿ ಚಟಪಟ ಅನ್ನೋ ತನಕ ಹುರಿದು, ತೆಂಗಿನತುರಿ ಜೊತೆ ರುಬ್ಬಿ, ಉಪ್ಪು ಹುಳಿಯಲ್ಲಿ ಬೆಂದ ಹಾಗಲಕ್ಕೆ ಸೇರಿಸಿ, ಕುದಿ ಬಂದ ಮೇಲೆ ಬೆಲ್ಲ. ಎಳ್ಳು ಒಂದು ಚಮಚ ಜಾಸ್ತಿ ಆದದ್ದಕ್ಕೆ ಕಹಿಯ ಮೊನೆ ಮುರಿದು ರಸ ಎಷ್ಟು ಚೆನ್ನಾಗಿ ಹತ್ಕೊಂಡಿತ್ತು ಅಂದ್ರೆ ನಮ್ಮನೆಯವರು ಹಾಗಲಕಾಯಿ ಅಂದ್ರೆ ಮುಖ ತಿರುಗಿಸ್ತಿದ್ದವ್ರು ಎರಡನೇ ಸಲ ಹಾಕಿಸ್ಕೊಂಡ್ರು. ಅದಕ್ಕೇ ಹೇಳೋದು, ಹಳೇ ಪುಸ್ತಕ ತಗೊಳ್ಳೋವಾಗ ಕಲೆ ಬಿದ್ದ ಪುಟ ಇದೆಯಾ ನೋಡಿ. ಅಂಥ ಪುಟ ಮಾಡಿ ನೋಡಿದ್ದು ಅಂತ ಅರ್ಥ, ಕಲೆನೇ ಇಲ್ಲದ ಹಳೇ ಅಡುಗೆ ಪುಸ್ತಕವನ್ನ ಯಾರೂ ಒಳಗೆ ಒಯ್ದಿಲ್ಲ.

ತಮಿಳು ಮನೆಗಳಲ್ಲಿ ಮೀನಾಕ್ಷಿ ಅಮ್ಮಾಳ್ ಅವರ ಸಮೈತ್ತು ಪಾರ್ ಅಂತ ಒಂದು ಪುಸ್ತಕ ಇದೆ, 1951ರಲ್ಲಿ ಬಂದಿದ್ದು, ಮದುವೆಯಾಗಿ ಹೋಗೋ ಹೆಣ್ಣುಮಕ್ಕಳಿಗೆ ಉಡುಗೊರೆ ಕೊಡ್ತಿದ್ರು, ಇಂಗ್ಲಿಷಲ್ಲೂ ಸಿಗುತ್ತೆ. ಚಿತ್ರ ಗಿತ್ರ ನೋಡಿ ಮಾರುಹೋಗೋ ಪುಸ್ತಕ ಅಲ್ಲ ಅದು, ಆದ್ರೆ ಅಳತೆ ಗಟ್ಟಿ, ವತ್ತಕುಳಂಬು ಥರದ ಹುಳಿಯಡುಗೆ ಕಲಿಯೋಕೆ ಅದಕ್ಕಿಂತ ಒಳ್ಳೇದು ನನಗೆ ಸಿಕ್ಕಿಲ್ಲ.

ಇನ್ನು ಹೊರಗಿನ ಪುಸ್ತಕ. ಬೇಡ ಅಂತ ನಾನು ಯಾವತ್ತೂ ಹೇಳಲ್ಲ, ನನಗೇ ಬಹಳ ಆಸೆ. ಒಂದೇ ಒಂದು ತಗೊಳ್ತೀನಿ ಅನ್ನೋರಿಗೆ ಮಧುರ್ ಜಾಫ್ರಿ 1981ರಲ್ಲಿ ಬರೆದ ವರ್ಲ್ಡ್ ಆಫ್ ದಿ ಈಸ್ಟ್ ವೆಜಿಟೇರಿಯನ್ ಕುಕಿಂಗ್ ಹೇಳ್ತೀನಿ, ಪಶ್ಚಿಮ ಏಷ್ಯಾದಿಂದ ಹಿಡಿದು ಜಪಾನ್ ತನಕ ತರಕಾರಿ ಅಡುಗೆ ಇದೆ, ನಮ್ಮ ಒಗ್ಗರಣೆ ಗೊತ್ತಿರೋರು ಬರೆದಿದ್ದು, ಅದಕ್ಕೇ ನಮ್ಮ ಕೈಗೆ ಬೇಗ ಹತ್ತುತ್ತೆ. ಆಮೇಲೆ ಲಂಡನ್ನಿನ ಯೋತಮ್ ಒಟ್ಟೊಲೆಂಗಿ ಅವರ ಪ್ಲೆಂಟಿ, 2010ರದ್ದು. ಆ ಮನುಷ್ಯ ಸಸ್ಯಾಹಾರಿ ಅಲ್ಲ, ಆದ್ರೆ ಪುಸ್ತಕ ಪೂರ್ತಿ ತರಕಾರಿದೇ. ಅದ್ರ ಕವರ್ ಮೇಲೇ ಏನಿದೆ ಗೊತ್ತಾ, ಬದನೆಕಾಯಿ! ಉದ್ದಕ್ಕೆ ಸೀಳಿ ಓವನಲ್ಲಿ ಬೇಯಿಸಿ ಮೇಲೆ ಬಿಳಿ ಮಜ್ಜಿಗೆ ಸಾಸ್, ದಾಳಿಂಬೆ ಕಾಳು. ನೋಡಿದ ತಕ್ಷಣ ನನಗೆ ನಮ್ಮ ಸುಟ್ಟ ಬದನೆಕಾಯಿ ಮೊಸರುಬಜ್ಜಿ ನೆನಪಾಯ್ತು, ಪುಸ್ತಕ ಅಲ್ಲೇ ಕೊಂಡೆ. ಅವರ ಬಟರ್‌ಮಿಲ್ಕ್ ಅಂದ್ರೆ ನಮ್ಮ ನೀರು ಮಜ್ಜಿಗೆ ಅಲ್ಲ, ಗಟ್ಟಿ ಇರುತ್ತೆ, ಅದಕ್ಕೆ ನಾನು ಕೆನೆಮೊಸರನ್ನೇ ಸ್ವಲ್ಪ ನೀರು ಹಾಕಿ ಕಡೀತೀನಿ. ಓವನ್ ಇಲ್ಲದಿದ್ರೆ ದಪ್ಪ ತವಾ ಮೇಲೆ ಮುಚ್ಚಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿ, ಕೊನೆಗೆ ಮುಚ್ಚಳ ತೆಗೆದು ಸೀಳಿದ ಮುಖ ಕೆಳಗೆ ಮಾಡಿ ಕೆಂಪಗೆ ಮಾಡ್ಕೊಳ್ಳಿ, ಸಾಕು.

ಸಾಮಾನು ಸಿಗಲ್ಲ ಅಂತ ಹೆದರಬೇಡಿ. ತಾಹಿನಿ ಅಂದ್ರೆ ಬಿಳಿ ಎಳ್ಳು ಬಣ್ಣ ಬದಲಾಗದ ಹಾಗೆ ಹುರಿದು ಎಣ್ಣೆ ಬಿಟ್ಟು ನುಣ್ಣಗೆ ರುಬ್ಬಿದ್ದು. ಸುಮಾಕ್ ಅನ್ನೋ ಹುಳಿಪುಡಿ ಬದಲು ಒಣಗಿಸಿದ ಮುರುಗಲು, ಅಂದ್ರೆ ಕೋಕಂ, ಅದ್ರ ಸಿಪ್ಪೆ ಪುಡಿ ಮಾಡಿ ಉದುರಿಸಿ, ಬಣ್ಣನೂ ಹೋಲುತ್ತೆ. ಚೀನಾದ ಸಿಚುವಾನ್ ಮೆಣಸು ಅಂತ ನಾಲಿಗೆ ಜುಮ್ಮೆನಿಸೋದು ಒಂದಿದೆ, ಅದ್ರ ನೆಂಟ ನಮ್ಮಲ್ಲೇ ಇದೆ, ಮಲೆನಾಡಲ್ಲಿ ಜುಮ್ಮನಕಾಯಿ ಅಂತೀವಿ, ಕೊಂಕಣಿಯವ್ರು ತಿರ್ಫಳ ಅಂತಾರೆ, ಬೀಜ ತೆಗೆದು ಸಿಪ್ಪೆ ಮಾತ್ರ ಬಳಸಿ. ಆದ್ರೆ ಒಂದು ಪುಟದಲ್ಲಿ ಅರ್ಧ ಸಾಮಾನು ಆನ್‌ಲೈನ್ ತರಿಸಬೇಕು ಅಂತಿದ್ರೆ ಅಂಥ ಪುಸ್ತಕ ಲೈಬ್ರರಿಯಲ್ಲಿ ಓದಿ ಖುಷಿಪಡಿ, ಕೊಳ್ಳಬೇಡಿ.

ಇಲ್ಲಿ ನಾನು ಒಂದು ಸಲ ಬಹಳ ನೊಂದ್ಕೊಂಡಿದೀನಿ, ಅದನ್ನೂ ಹೇಳಿಬಿಡ್ತೀನಿ. ಮಗಳು ಅಮೆರಿಕದಿಂದ ಥಾಯ್ ಕರಿ ಪೇಸ್ಟಿನ ಬಾಟ್ಲು ತಂದಿದ್ಲು, ನನ್ನ ವೆಜ್ ಪುಸ್ತಕದಲ್ಲಿ ರೆಡಿಮೇಡ್ ಪೇಸ್ಟ್ 2 ಚಮಚ ಅಂತಿತ್ತು, ಹಾಕಿ ಮಾಡಿ ಬಡಿಸಿದೆ, ಎಲ್ಲರೂ ಉಂಡ ಮೇಲೆ ಕನ್ನಡಕ ಹಾಕ್ಕೊಂಡು ಲೇಬಲ್ ಓದಿದ್ರೆ ಕೊನೇ ಸಾಲಲ್ಲಿ ಸಿಗಡಿ. ಹೊಟ್ಟೆ ಹಿಂಡಿದ ಹಾಗಾಯ್ತು. ನಮ್ಮ ಪ್ಯಾಕೆಟ್ ಮೇಲೆ ಇರೋ ಹಸಿರು ಚುಕ್ಕೆ ಅಲ್ಲಿ ಕೊಂಡ ಬಾಟ್ಲಲ್ಲಿ ಇರಲ್ಲ, ಅದಕ್ಕೆ ಒಲೆ ಹಚ್ಚೋ ಮುಂಚೆನೇ ಓದಿ. ಥಾಯ್ ಪೇಸ್ಟಲ್ಲಿ ಸಿಗಡಿ, ಕೊರಿಯಾದ ಉಪ್ಪಿನಕಾಯಿ ಥರದ ಕಿಮ್ಚಿಯಲ್ಲಿ ಮೀನಿನ ಸಾಸ್, ವೂಸ್ಟರ್ ಸಾಸಲ್ಲಿ ಮೀನು, ಜಪಾನಿನ ದಾಶಿ ಸಾರಿನಲ್ಲಿ ಒಣಮೀನು, ಪಾರ್ಮೆಸಾನ್ ಚೀಸಲ್ಲಿ ಹಾಲು ಗಟ್ಟಿ ಮಾಡೋಕೆ ಹಾಕೋ, ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್, ಇವು ಅಡಗಿರೋ ಜಾಗಗಳು. ಅಲ್ಲಿಯವ್ರ ವೆಜಿಟೇರಿಯನ್ ಅಂದ್ರೆ ಮೊಟ್ಟೆ ಸೇರಿರುತ್ತೆ ಅನ್ನೋದೂ ನೆನಪಿರ್ಲಿ, ಮೊಟ್ಟೆ ತಿನ್ನದ ಮನೆಯಾದ್ರೆ ಸೂಚಿಯಲ್ಲಿ ಮೊಟ್ಟೆ ಎಷ್ಟು ಕಡೆ ಇದೆ ಎಣಿಸಿ ನೋಡಿ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವ್ರಿಗೆ ಜಪಾನಿನ ಬೌದ್ಧ ಮಠಗಳ ಶೋಜಿನ್ ಅಡುಗೆ ಪುಸ್ತಕ ಹುಡುಕಿ ಅಂತೀನಿ, ಅವರೂ ಎರಡೂ ಹಾಕಲ್ಲ, ದಾಶಿಯನ್ನ ಕೊಂಬು ಅನ್ನೋ ಸಮುದ್ರದ ಪಾಚಿ, ಒಣ ಅಣಬೆಯಲ್ಲೇ ತೆಗೀತಾರೆ.

ಅಳತೆ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಅಮೆರಿಕದ ಕಪ್ ಸುಮಾರು 240 ಎಂಎಲ್, ಆಸ್ಟ್ರೇಲಿಯಾದ್ದು 250, ಅಲ್ಲಿಯ ಟೇಬಲ್ ಸ್ಪೂನ್ 20 ಎಂಎಲ್, ಬೇರೆ ಕಡೆ 15. ಒಂದು ಸ್ಟಿಕ್ ಬೆಣ್ಣೆ ಅಂದ್ರೆ 113 ಗ್ರಾಂ. 350 ಡಿಗ್ರಿ ಅಂತ ಕಂಡ್ರೆ ಅದು ಫ್ಯಾರನ್‌ಹೀಟ್, ನಮ್ಮ ಓವನಲ್ಲಿ 180ಕ್ಕೆ ಇಡಿ.

ತಂದ ಮೇಲೆ ಒಂದು ಕೆಲ್ಸ ಮಾಡಿ, ಮೊದಲ ವಾರದಲ್ಲೇ ಮೂರು ಅಡುಗೆ ಮಾಡಿ, ಮೊದಲ ಸಲ ಪುಸ್ತಕದಲ್ಲಿ ಇದ್ದ ಹಾಗೇ, ಒಂದು ಚಿಟಿಕೆನೂ ಬದಲಿಸದೆ. ಎರಡನೇ ಸಲ ಬೇಕಾದ್ರೆ ನಿಮ್ಮ ಕೈಚಳಕ. ಪೆನ್ಸಿಲ್ ತಗೊಂಡು ಪಕ್ಕದಲ್ಲಿ ತಾರೀಕು, ಹುಳಿ ಸಾಲ್ಲಿಲ್ಲ, ಉರಿ ಜಾಸ್ತಿ ಆಯ್ತು, ಯಾರಿಗೆ ಇಷ್ಟ ಆಯ್ತು ಅಂತ ಬರೀರಿ, ಪೆನ್ ಬೇಡ, ಒದ್ದೆ ಕೈ ತಾಗಿದ್ರೆ ಹರಡುತ್ತೆ. ಒಲೆ ಮೇಲಿನ ಶೆಲ್ಫಲ್ಲಿ ಇಡಬೇಡಿ, ಜಿಡ್ಡು ಹಿಡಿದು ಹಾಳೆ ಅಂಟುತ್ತೆ.

ನಿನ್ನೆ ಮಾರ್ಕೆಟ್ಟಲ್ಲಿ ಉಡುಪಿ ಕಡೆಯ ಮಟ್ಟು ಗುಳ್ಳ ಬದನೆಕಾಯಿ ಬಂದಿತ್ತು, ಹಸಿರು ಗೆರೆ ಗೆರೆ, ತೊಟ್ಟಲ್ಲಿ ಮುಳ್ಳು ಇನ್ನೂ ಚುಚ್ಚೋ ಹಾಗಿತ್ತು, ಒಂದು ಕೇಜಿ ತಂದಿದೀನಿ. ಅರ್ಧಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಕೊದ್ದೆಲ್, ಅಂದ್ರೆ ಕರಾವಳಿ ಕಡೆಯ ಹುಳಿ, ಇನ್ನರ್ಧ ಸೊಸೆ ಆ ಪ್ಲೆಂಟಿ ಕವರಿನ ಥರ ಮಾಡ್ತೀನಿ ಅಂದಿದಾಳೆ, ದಾಳಿಂಬೆ ಬಿಡಿಸಿ ಇಟ್ಟಿದಾಳೆ ಆಗ್ಲೇ.